‘ಹೊರಡು’ ಶಬ್ದದ ಚರಿತ್ರೆ: ಪ್ರಯಾಣಾರಂಭವನ್ನು ಹೇಳುವ ಕ್ರಿಯೆಗಳನ್ನು ಕುರಿತು ಒಂದು ವಿಚಾರ

ಇಂಗ್ಲಿಷಿನಲ್ಲಿ ಪ್ರಯಾಣದ ಆರಂಭವನ್ನು ಸೂಚಿಸಲು ‘ಸೆಟ್ ಔಟ್’, ‘ಸೆಟ್ ಆಫ್’, ‘ಸೆಟ್ ಫೋರ್ತ್’, ‘ಸ್ಟಾರ್ಟ್ ಔಟ್’ ಮೊದಲಾದ ಜೋಡಿಕ್ರಿಯೆಗಳು ರೂಢಿಯಲ್ಲಿವೆ. ಸಾಮಾನ್ಯವಾದ ಒಂದು ಧಾತು, ಅದನ್ನು ಅನುಸರಿಸಿ ದಿಕ್ಕನ್ನು ತಿಳಿಸುವ ಒಂದು ಕಿರುಪದ. ಇವೆರಡೂ ಕೂಡಿ ಹೊಸತೊಂದು ಅರ್ಥವನ್ನು ಕೊಡುತ್ತವೆ. ಇಂಥವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಪ್ರಚುರವಾಯಿತು. ನಮ್ಮ ತರಗತಿಗಳಲ್ಲಿ ಇವೆಲ್ಲಕ್ಕೂ ‘ಹೊರಡು’ ಎಂಬ ಒಂದೇ ಅರ್ಥವನ್ನು ಬರೆಯಿಸುವುದು ವಾಡಿಕೆ. ಇದರಿಂದ ವಿದ್ಯಾರ್ಥಿಗಳಲ್ಲಿ ಎರಡು ಭಾವನೆಗಳು ಬೇರೂರಿವೆ. ಇಂಥ ಜೋಡಿಕ್ರಿಯೆ ಇಂಗ್ಲಿಷಿಗೇ ವಿಶಿಷ್ಟವಾದುದೆಂಬುದು ಒಂದು; ಇವುಗಳೊಳಗಿನ ಸೂಕ್ಷ್ಮಭೇದಗಳು ಕನ್ನಡಕ್ಕೆ ನಿಲುಕವೆಂಬುದು ಇನ್ನೊಂದು. ‘ಹೊರಡು’ ಎಂಬ ಶಬ್ದದ ಚರಿತ್ರೆಯೇ ಈ ಎರಡು ಭಾವನೆಗಳಿಗೂ ಉತ್ತರವನ್ನು ಒದಗಿಸುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಾವು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿಕೇಂದ್ರವಾದ ಬೇಗೂರನ್ನು ನೆಲೆಯಾಗಿ ಇರಿಸಿಕೊಂಡಿದ್ದೇವೆ. ಶಾಸನಗಳಿಂದ ಪ್ರಸಿದ್ಧವಾಗಿರುವ ಬೆಂಗಳೂರಿನ ಬೇಗೂರು ಬೇರೆ. ಇದು ನಂಜನಗೂಡಿಗೂ ಗುಂಡ್ಲುಪೇಟೆಗೂ ನಡುವೆ ಹೆದ್ದಾರಿಯ ಮೇಲಿರುವ ಊರು. ಮೈಸೂರಿನಿಂದ ಬಂದ ಈ ಹಾದಿ ಗುಂಡ್ಲುಪೇಟೆಯಲ್ಲಿ ಕವಲೊಡೆದು, ಒಂದು ಕವಲು ಕೇರಳದ ವಯನಾಡಿಗೂ ಇನ್ನೊಂದು ಬಂಡೀಪುರದ ಕಾಡನ್ನು ಹಾದು ತಮಿಳುನಾಡಿನ ನೀಲಗಿರಿಗೂ ಹೋಗುತ್ತದೆ. 1891ರಲ್ಲಿ ನಂಜನಗೂಡನ್ನು ಮುಟ್ಟಿದ ರೈಲು ಮುಂದೆ ಚಾಮರಾಜನಗರದ ಕಡೆಗೆ ತಿರುಗಿದುದರಿಂದ ಬೇಗೂರಿಗೆ ರಸ್ತೆಯೇ ಗತಿಯಾಯಿತು. ಮೂರು ಭಾಷೆಗಳ ಪ್ರಯಾಣಿಕರು ಒಂದೇ ದಾರಿಯಲ್ಲಿ ಓಡಾಡುವ ಇಂಥ ಸ್ಥಳವು ನಮ್ಮ ಪ್ರಶ್ನೆಗೆ ಅನುಕೂಲವಾದುದು.

ಈಗ ಶಬ್ದದ ಕಡೆಗೆ ತಿರುಗೋಣ. ಹಳಗನ್ನಡದಲ್ಲಿ ಇದರ ರೂಪ ‘ಪೊಱಮಡು’, ಭೂತನ್ಯೂನ ‘ಪೊಱಮಟ್ಟು’. ಇದರಲ್ಲಿ ಎರಡು ಅಂಗಗಳು ಸ್ಪಷ್ಟವಾಗಿವೆ. ಮೊದಲನೆಯದು ‘ಪೊಱ’, ಅಂದರೆ ಹೊರಗು. ಎರಡನೆಯದು ಹೊಂದು, ಉಂಟಾಗು, ಬೀಳು ಎಂಬ ಅರ್ಥಗಳುಳ್ಳ ‘ಪಡು’. ಮೊದಲ ಪದದ ಕೊನೆಯ ಅನುನಾಸಿಕವೂ ಎರಡನೆಯದರ ಪಕಾರವೂ ಬೆರೆತು ಮಕಾರವಾಯಿತೆಂದು ತಿಳಿಯುವುದು ಯುಕ್ತ. ‘ಪಡು–ಪಟ್ಟು’ ಎಂಬಂತೆಯೇ ‘ಪೊಱಮಡು–ಪೊಱಮಟ್ಟು’ ಎಂದಿರುವುದು ಈ ಬಿಡಿಸಿಕೆಯನ್ನು ಸಮರ್ಥಿಸುತ್ತದೆ. ನಾಮಪದವು ಮೊದಲು ನಿಂತು ಕ್ರಿಯೆಯು ಕೊನೆಗೆ ಬರುವ ಕಣ್ದೆರೆ, ಕೈಹಿಡಿ ಮುಂತಾದುವನ್ನು ನಮ್ಮ ವೈಯಾಕರಣರು ಕ್ರಿಯಾಸಮಾಸವೆಂದು ಕರೆದರು. ‘ಪೊಱಮಡು’ ಕೂಡ ಆ ಜಾಡಿನಲ್ಲಿಯೇ ಹುಟ್ಟಿದ ಶಬ್ದ.

ನೆರೆಯ ಭಾಷೆಗಳ ಸಾಕ್ಷ್ಯವು ಇದನ್ನು ಇನ್ನಷ್ಟು ದೃಢಪಡಿಸುತ್ತದೆ. ತಮಿಳಿನಲ್ಲಿ ಹೊರಡುವುದಕ್ಕೆ ‘ಪುಱಪ್ಪಡು’, ಮಲಯಾಳದಲ್ಲಿ ‘ಪುಱಪ್ಪೆಡು’. ಕಥಕಳಿಯ ಆರಂಭದ ನೃತ್ಯಭಾಗಕ್ಕೆ ‘ಪುಱಪ್ಪಾಡು’ ಎಂದು ಹೆಸರಿರುವುದನ್ನು ಇಲ್ಲಿ ನೆನೆಯಬಹುದು. ತೆಲುಗಿನ ‘ಬಯಲುದೇರು’ ಎಂಬಲ್ಲಿ ಶಬ್ದ ಬೇರೆಯಾದರೂ ಕಲ್ಪನೆ ಅದೇ: ಮರೆಯಿಂದ ಬಯಲಿಗೆ ಬರುವುದೇ ಪ್ರಯಾಣದ ಮೊದಲು. ಬೇಗೂರಿನಿಂದ ಹೊರಟ ಬಸ್ಸು ವಯನಾಡಿಗೆ ಹೋಗಲಿ, ನೀಲಗಿರಿಗೆ ಹೋಗಲಿ, ಅದರ ಹೊರಡುವಿಕೆಯನ್ನು ಸಾರುವ ಶಬ್ದ ಮಾತ್ರ ಗಡಿಯಾಚೆಗೂ ಒಂದೇ ಮೂಲದ್ದಾಗಿರುತ್ತದೆ.

ಆದರೆ ತಮಿಳು ಮಲಯಾಳಗಳಲ್ಲಿ ಇಂದಿಗೂ ಎರಡಾಗಿ ಕಾಣುವ ಅಂಗಗಳು ಕನ್ನಡದಲ್ಲಿ ಕರಗಿ ಒಂದಾದುವು. ಸುಮಾರು 10ನೆಯ ಶತಮಾನದಿಂದ ತಲೆದೋರಿದ ಪಕಾರದ ಹಕಾರಾದೇಶವು ಮುಂದೆ ವ್ಯಾಪಕವಾಯಿತು; ಱಕಾರವು ರಕಾರದಲ್ಲಿ ಸೇರಿಹೋಯಿತು. ನಡುಗನ್ನಡದ ಕಾವ್ಯಗಳಲ್ಲಿ ‘ಹೊರವಡು’, ‘ಹೊರವಂಟು’ ಎಂಬ ರೂಪಗಳು ದೊರೆಯುತ್ತವೆ. ಹೊಸಗನ್ನಡದಲ್ಲಿ ನಡುವಣ ಅಕ್ಷರವೂ ಬಿದ್ದು ‘ಹೊರಡು–ಹೊರಟು’ ಎಂದಾಯಿತು. ಉತ್ತರ ಕರ್ನಾಟಕದ ‘ಹೊಂಟ’ ಎಂಬ ಮಾತನ್ನೂ, ಆದಿಯ ಹಕಾರವನ್ನು ಬಿಟ್ಟು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಆಡುವ ‘ಒಂಟೋದ’ ಎಂಬ ಮಾತನ್ನೂ ‘ಹೊರವಂಟು’ ಎಂಬ ರೂಪದೊಡನೆ ಸಂಬಂಧಿಸಬಹುದು. ಗ್ರಾಮ್ಯವೆಂದು ನಾವು ತಿದ್ದುವ ಉಚ್ಚಾರಣೆಯಲ್ಲಿ ಪ್ರಾಚೀನವಾದ ಅನುನಾಸಿಕವು ಉಳಿದಿರುವುದು ಗಮನಾರ್ಹವಾಗಿದೆ.

ಅಂಗಗಳು ಕರಗಿದುದರ ಪರಿಣಾಮವಾಗಿ ‘ಹೊರಡು’ ಎಂಬಲ್ಲಿ ‘ಹೊರ’ ಇದೆಯೆಂಬ ಅರಿವು ಆಡುವವರಿಗೆ ಉಳಿಯಲಿಲ್ಲ. ‘ಮನೆಯಿಂದ ಹೊರಗೆ ಹೊರಟನು’ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಒಂದೇ ಅರ್ಥವು ಎರಡು ಸಲ ಬಂದಿತೆಂದು ಯಾರಿಗೂ ತೋರುವುದಿಲ್ಲ. ಇಂಗ್ಲಿಷಿನ ನಡೆ ಇದಕ್ಕೆ ವಿರುದ್ಧವಾದುದು. ಪ್ರಾಚೀನ ಇಂಗ್ಲಿಷಿನಲ್ಲಿ ದಿಕ್ಸೂಚಕಗಳು ಬಹುಮಟ್ಟಿಗೆ ಉಪಸರ್ಗಗಳಾಗಿ ಧಾತುವಿನ ಮುಂದೆ ಹತ್ತುತ್ತಿದ್ದುವು. ಸಂಸ್ಕೃತದ ಪ್ರಯಾಣ, ಪ್ರಸ್ಥಾನ, ನಿರ್ಗಮನ ಎಂಬಲ್ಲಿ ಇರುವಂತೆ. ಸುಮಾರು 1100ರಿಂದ 1500ರವರೆಗಿನ ಮಧ್ಯಕಾಲದಲ್ಲಿ ಹಲವು ಉಪಸರ್ಗಗಳು ಬಳಕೆ ತಪ್ಪಿ, ಬಿಡಿಯಾದ ಕಿರುಪದಗಳು ಧಾತುವಿನ ಬಳಿಕ ನಿಲ್ಲತೊಡಗಿದುವು. ಅಲ್ಲಿ ಬಿಡಿಯಾಗಿ ಉಳಿದುದು ಇಲ್ಲಿ ಬೆಸುಗೆಗೊಂಡಿತು. ಆದ್ದರಿಂದ ಕನ್ನಡದಲ್ಲಿ ಜೋಡಿಕ್ರಿಯೆ ಇಲ್ಲವೆನ್ನುವುದಕ್ಕಿಂತ, ಅದು ಇದ್ದು ಒಂದೇ ಪದವಾಯಿತೆನ್ನುವುದು ಸರಿಯಾದ ಮಾತು.

ಇನ್ನು ಸೂಕ್ಷ್ಮಭೇದದ ಪ್ರಶ್ನೆ. ‘ಔಟ್’ ಎಂಬುದು ಒಂದು ಆವರಣದೊಳಗಿಂದ ಹೊರಬರುವುದನ್ನು ಹೇಳಿದರೆ, ‘ಆಫ್’ ಎಂಬುದು ತಾಗಿಕೊಂಡಿದ್ದ ಸ್ಥಳದಿಂದ ಬೇರ್ಪಡುವುದನ್ನು ಹೇಳುತ್ತದೆ. ಈ ಎರಡು ಕಲ್ಪನೆಗಳೂ ಕನ್ನಡದಲ್ಲಿವೆ. ಆದರೆ ಅವು ಬೇರೆಬೇರೆ ಧಾತುಗಳಲ್ಲಿ ನೆಲೆಸಿವೆ. ಮೊದಲನೆಯದಕ್ಕೆ ‘ಹೊರಡು’, ಎರಡನೆಯದಕ್ಕೆ ‘ಬಿಡು’. ‘ಬಸ್ಸು ಎಷ್ಟು ಗಂಟೆಗೆ ಬಿಡುತ್ತದೆ?’ ಎಂದು ನಿಲ್ದಾಣದಲ್ಲಿ ಕೇಳುವುದುಂಟು. ‘ನಸುಕಿನಲ್ಲಿಯೇ ಊರು ಬಿಟ್ಟೆವು’ ಎನ್ನುತ್ತೇವೆ. ವಿಭಕ್ತಿಯಲ್ಲಿಯೂ ಈ ವ್ಯತ್ಯಾಸ ಕಾಣುತ್ತದೆ: ‘ಬೇಗೂರಿನಿಂದ ಹೊರಟರು’ ಎಂದು ಪಂಚಮಿ, ‘ಬೇಗೂರನ್ನು ಬಿಟ್ಟರು’ ಎಂದು ದ್ವಿತೀಯೆ. ಗಮ್ಯವನ್ನು ನೇರವಾಗಿ ಕೂಡಿಸಿಕೊಂಡು ‘ಮೈಸೂರಿಗೆ ಹೊರಟರು’ ಎನ್ನಬಹುದೇ ಹೊರತು, ಆ ಅರ್ಥದಲ್ಲಿ ‘ಮೈಸೂರಿಗೆ ಬಿಟ್ಟರು’ ಎನ್ನಲಾಗದು.

ಇವುಗಳ ಜೊತೆಗೆ ಸಂದರ್ಭಕ್ಕೆ ತಕ್ಕ ಕ್ರಿಯೆಗಳು ಬೇರೆಯಿವೆ. ಅರಸರೂ ದೇವರೂ ಹೊರಡುವುದು ಹಳಗನ್ನಡದಲ್ಲಿ ‘ಬಿಜಯಂಗೆಯ್’. ಸೈನ್ಯವು ‘ದಂಡೆತ್ತಿ’ ಹೋಗುತ್ತದೆ. ಒಕ್ಕಲಿಗನು ‘ಗಾಡಿ ಹೂಡುತ್ತಾನೆ’. ಮಾದಪ್ಪನ ಬೆಟ್ಟಕ್ಕೆ ‘ಪರಿಷೆ ಹೊರಡುತ್ತದೆ’. ಸಹಾಯಕ್ರಿಯೆಗಳು ಸೇರಿದಾಗ ಭೇದವು ಇನ್ನೂ ನವುರಾಗುತ್ತದೆ. ‘ಹೊರಟುನಿಂತನು’ ಎಂದರೆ ಸಿದ್ಧನಾದನು, ಇನ್ನೂ ಹೋಗಿಲ್ಲ. ‘ಹೊರಟುಬಿಟ್ಟನು’ ಎಂದರೆ ತಡೆಯುವ ಮೊದಲೇ ಹೋದನು. ‘ಹೊರಟುಹೋದನು’ ಎಂದರೆ ಇನ್ನು ಇಲ್ಲಿಲ್ಲ. ಈ ಕೊನೆಯ ಮಾತಿನ ಅಮಂಗಳದ ನೆರಳನ್ನು ತಪ್ಪಿಸಲೆಂದೇ ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಹೋಗಿಬರುತ್ತೇನೆ’ ಎನ್ನುತ್ತಾರೆ.

ಪ್ರಯಾಣದ ಕ್ರಿಯೆಯು ಸಂಕಲ್ಪದ ಕ್ರಿಯೆಯಾಗುವುದು ಎರಡು ಭಾಷೆಗಳಲ್ಲಿಯೂ ಕಂಡುಬರುವ ಇನ್ನೊಂದು ಸಂಗತಿ. ಇಂಗ್ಲಿಷಿನ ‘ಸೆಟ್ ಔಟ್’ ಒಂದು ಕಾರ್ಯವನ್ನು ಉದ್ದೇಶಿಸಿ ತೊಡಗುವುದನ್ನೂ ಹೇಳುತ್ತದೆ. ಕನ್ನಡದಲ್ಲಿಯೂ ‘ಹೇಳಹೊರಟನು’, ‘ಸಾಧಿಸಹೊರಟರು’ ಎಂಬ ಪ್ರಯೋಗಗಳಿವೆ. ಸರ್ಕಾರವು ಆಜ್ಞೆಯನ್ನು ‘ಹೊರಡಿಸುವುದು’ ಇದೇ ಧಾತುವಿನ ಪ್ರೇರಣಾರ್ಥಕ ರೂಪದಿಂದ.

ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಸಂಚಾರವನ್ನು ನಿರ್ಬಂಧಿಸುವ ಕ್ರಮವು 2009ರಲ್ಲಿ ಜಾರಿಗೆ ಬಂದ ಮೇಲೆ, ಈ ಹಾದಿಯ ಪ್ರಯಾಣಿಕರಿಗೆ ಯಾವಾಗ ಹೊರಡಬೇಕೆಂಬುದು ದೊಡ್ಡ ಲೆಕ್ಕಾಚಾರವಾಗಿದೆ. ಆ ಲೆಕ್ಕದ ಮಾತಿನಲ್ಲಿ ‘ಸ್ಟಾರ್ಟ್ ಆಗು’ ಎಂಬುದು ಈಗ ಧಾರಾಳವಾಗಿ ಕೇಳಿಬರುತ್ತದೆ. ಬರೆಹದಲ್ಲಿ ‘ಪ್ರಯಾಣವನ್ನು ಆರಂಭಿಸು’ ಎಂಬುದು ಅದರ ಸ್ಥಾನವನ್ನು ಹಿಡಿದಿದೆ. ಅನ್ಯಶಬ್ದ ಬಂದಿತೆಂಬುದು ನಮ್ಮ ಆಕ್ಷೇಪವಲ್ಲ. ಹೊರಬರುವುದು, ಬೇರ್ಪಡುವುದು, ಸಿದ್ಧವಾಗಿ ನಿಲ್ಲುವುದು, ಮರಳದಂತೆ ಹೋಗುವುದು ಎಂಬ ನಾಲ್ಕು ಅರ್ಥಗಳನ್ನು ಇವು ಒಂದೇ ಮಟ್ಟಕ್ಕೆ ತರುತ್ತವೆ ಎಂಬುದೇ ವಿಚಾರಾರ್ಹ.

ಆದಕಾರಣ ‘ಔಟ್’ ಇರುವಲ್ಲಿ ‘ಹೊರಡು’ವನ್ನೂ ‘ಆಫ್’ ಇರುವಲ್ಲಿ ‘ಬಿಡು’ವನ್ನೂ ಮೊದಲು ಪರೀಕ್ಷಿಸಿ, ವಾಕ್ಯದ ಅರ್ಥ ಬೇಡಿದಂತೆ ಸಹಾಯಕ್ರಿಯೆಯನ್ನು ಆರಿಸುವ ಅಭ್ಯಾಸವನ್ನು ತರಗತಿಯಲ್ಲಿ ಮಾಡಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ. ಇದು ಎಲ್ಲ ವಾಕ್ಯಗಳಿಗೂ ಸಲ್ಲುವ ನಿಯಮವಲ್ಲ. ಆದರೂ ಇದರಿಂದ ವಿದ್ಯಾರ್ಥಿಗೆ ಇಂಗ್ಲಿಷಿನ ಕಿರುಪದಗಳ ಅರ್ಥವೂ ತಿಳಿಯುತ್ತದೆ, ತನ್ನ ಭಾಷೆಯ ಧಾತುಗಳ ಬೆಲೆಯೂ ತಿಳಿಯುತ್ತದೆ.