ಕೊಸರು ದುಡ್ಡಾದ ಕತೆ: ಫ್ರೀಕ್ವೆಂಟ್ ಫ್ಲೈಯರ್‌ಗಳ ಚರಿತ್ರೆ

1/9
ಹೂವಿನವರು ಮೊಳ ಅಳೆದು ಮುಗಿದ ಮೇಲೆ ಒಂದು ಗೇಣು ಜಾಸ್ತಿ ಬಿಡ್ತಾರಲ್ಲ, ಅದೇ ಕೊಸರು. ಸಂತೆಯಲ್ಲಿ ಸೊಪ್ಪಿನ ಜೊತೆ ಎರಡು ಕಡ್ಡಿ ಕೊತ್ತಂಬರಿ ಬೀಳುತ್ತಲ್ಲ, ಅದೂ ಕೊಸರೇ. "ನಾಳೆನೂ ನನ್ನ ಹತ್ರಾನೇ ಬನ್ನಿ" ಅಂತ ಅದರ ಅರ್ಥ. ಈ ಕೊಸರನ್ನೇ ವಿಮಾನ ಕಂಪನಿಗಳು ಕಂಪ್ಯೂಟರಿನಲ್ಲಿ ಬರೆದಿಡೋಕೆ ಶುರು ಮಾಡಿದಾಗ ಏನಾಯ್ತು ಅನ್ನೋದು ಇವತ್ತಿನ ಕತೆ. ಪದೇಪದೇ ವಿಮಾನ ಹತ್ತೋರು ಮನೆಯಲ್ಲಿ ಯಾರಾದ್ರೂ ಇದ್ದರೆ ಅವರಿಗೂ ಕಳಿಸಿ. ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ.

2/9
ಮೊದಲು ಅಮೆರಿಕಕ್ಕೆ ಹೋಗೋಣ. ಅಲ್ಲಿ 1938ರಿಂದ ಯಾವ ಕಂಪನಿ ಯಾವ ಮಾರ್ಗದಲ್ಲಿ ಹಾರಬೇಕು, ಟಿಕೆಟ್ಟಿಗೆ ಎಷ್ಟು ತಗೋಬೇಕು ಅನ್ನೋದೆಲ್ಲ ಸರ್ಕಾರದ ಹಿಡಿತದಲ್ಲಿತ್ತು. ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಅಂತ ಒಂದು ಸಂಸ್ಥೆ ಇದನ್ನು ನೋಡಿಕೊಳ್ತಿತ್ತು. ಬೆಲೆ ಇಳಿಸಿ ಗಿರಾಕಿ ಸೆಳೆಯೋ ಹಾಗಿರಲಿಲ್ಲ. ಆದ್ದರಿಂದ ಊಟ, ಸೀಟು, ಉಪಚಾರದಲ್ಲೇ ಪೈಪೋಟಿ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೊಸ ಕಾಯ್ದೆಗೆ ಸಹಿ ಹಾಕಿದರು, ಈ ನಿಯಂತ್ರಣ ಹಂತಹಂತವಾಗಿ ಹೋಯಿತು. ಕಡಿಮೆ ದರದ ಹೊಸ ಕಂಪನಿಗಳು ಬಂದವು. ಹಳೇ ದೊಡ್ಡ ಕಂಪನಿಗಳಿಗೆ ದೊಡ್ಡ ತಲೆನೋವು: ಹತ್ತು ಡಾಲರ್ ಕಡಿಮೆ ಅಂದ್ರೆ ಗಿರಾಕಿ ಪಕ್ಕದ ಕೌಂಟರಿಗೆ ಹೋಗ್ತಾನೆ. ಹಿಡಿದಿಡೋದು ಹೇಗೆ?

3/9
ಹಿಡಿದಿಡೋಕೆ ಮೊದಲು ಆ ಗಿರಾಕಿ ಯಾರು ಅಂತ ಗೊತ್ತಾಗಬೇಕಲ್ಲ. ಇಲ್ಲಿ ಕಂಪ್ಯೂಟರ್ ಕೈ ಹಿಡಿಯಿತು. ಅಮೆರಿಕನ್ ಏರ್‌ಲೈನ್ಸ್ ಹತ್ತಿರ ಸೇಬರ್ ಅನ್ನೋ ಬುಕಿಂಗ್ ವ್ಯವಸ್ಥೆ ಇತ್ತು. 1960ರ ದಶಕದಲ್ಲಿ ಐಬಿಎಂ ಜೊತೆ ಸೇರಿ ಕಟ್ಟಿದ್ದು. ಅದರಲ್ಲಿ ಪದೇಪದೇ ಬರುವ ಫೋನ್ ನಂಬರುಗಳನ್ನು ಹುಡುಕಿ ಕಾಯಂ ಪ್ರಯಾಣಿಕರ ಪಟ್ಟಿ ಮಾಡಿದರು. 1981ರ ಮೇ 1ರಂದು ಅಡ್ವಾಂಟೇಜ್ ಅನ್ನೋ ಯೋಜನೆ ಶುರುವಾಯಿತು. ಎಷ್ಟು ಮೈಲಿ ಹಾರಿದ್ರೆ ಅಷ್ಟು ಮೈಲಿ ನಿಮ್ಮ ಖಾತೆಗೆ, ಸಾಕಷ್ಟು ಕೂಡಿದ ಮೇಲೆ ಟಿಕೆಟ್ ಪುಕ್ಕಟೆ. ಇಂಥ ಪ್ರಯತ್ನಗಳು ಅದಕ್ಕೂ ಮುಂಚೆ ಸಣ್ಣ ಮಟ್ಟದಲ್ಲಿ ನಡೆದಿದ್ದವು. ಇಷ್ಟು ದೊಡ್ಡದಾಗಿ ಮಾಡಿದ್ದು ಇವರು. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪನಿಯೂ ಮೈಲೇಜ್ ಪ್ಲಸ್ ಅಂತ ಶುರು ಮಾಡಿತು. ಆಮೇಲೆ ನಿಲ್ಲಿಸೋಕೆ ಯಾರಿಗೂ ಧೈರ್ಯ ಬರಲಿಲ್ಲ. ಪಕ್ಕದ ಅಂಗಡಿ ಕೊಸರು ಕೊಡ್ತಿರೋವಾಗ ನೀವೊಬ್ಬರೇ ಬಿಡೋದು ಕಷ್ಟ.

4/9
ಈಗ ಒಂದು ಪ್ರಶ್ನೆ. ಪದೇಪದೇ ವಿಮಾನ ಹತ್ತೋರು ಯಾರು? ಹೆಚ್ಚಿನವರು ಆಫೀಸ್ ಕೆಲಸಕ್ಕೆ ಓಡಾಡೋರು. ಟಿಕೆಟ್ ದುಡ್ಡು ಆಫೀಸಿನದು, ಮೈಲಿ ಮಾತ್ರ ನೌಕರರ ಖಾತೆಗೆ. ಹೋಟೆಲಿನ ಲೆಕ್ಕದಲ್ಲಿ ತರಕಾರಿ ತರೋಕೆ ಹೋದವರು ಕೊಸರನ್ನು ಮನೆಗೆ ಒಯ್ದ ಹಾಗೆ. ಅವರು ಕಡಿಮೆ ದರದ ವಿಮಾನ ಹುಡುಕೋ ಬದಲು ತಮಗೆ ಮೈಲಿ ಕೊಡೋ ವಿಮಾನವನ್ನೇ ಆರಿಸೋ ಸಾಧ್ಯತೆ ಜಾಸ್ತಿ. ಬಿಸಿನೆಸ್ ಮ್ಯಾನೇಜ್‌ಮೆಂಟ್ ಪಾಠದಲ್ಲಿ ಮಾಲೀಕ ಬೇರೆ, ಅವನ ಪರವಾಗಿ ನಿರ್ಧರಿಸೋನು ಬೇರೆ ಆದಾಗ ಹುಟ್ಟೋ ಸಮಸ್ಯೆ ಅಂತ ಓದ್ತೀವಲ್ಲ, ಅದೇ ಇದು. ಜರ್ಮನಿಯಲ್ಲಿ ಇದು ರಾಜಕೀಯ ಹಗರಣವೇ ಆಯಿತು. ಸರ್ಕಾರಿ ಪ್ರಯಾಣದಲ್ಲಿ ಸಿಕ್ಕ ಮೈಲಿಗಳನ್ನು ಸ್ವಂತ ಪ್ರಯಾಣಕ್ಕೆ ಬಳಸಿದ ವಿಷಯ ಹೊರಬಂದು, 2002ರಲ್ಲಿ ಬರ್ಲಿನ್ನಿನ ಸಚಿವರಾಗಿದ್ದ ಗ್ರೆಗೋರ್ ಗೀಸಿ ರಾಜೀನಾಮೆ ಕೊಟ್ಟರು.

5/9
1987ರಲ್ಲಿ ಸಿಟಿಬ್ಯಾಂಕ್ ಜೊತೆ ಸೇರಿ ಅಮೆರಿಕನ್ ಏರ್‌ಲೈನ್ಸ್ ಒಂದು ಕ್ರೆಡಿಟ್ ಕಾರ್ಡ್ ತಂದಿತು. ಖರ್ಚು ಮಾಡಿದ ಪ್ರತಿ ಡಾಲರಿಗೂ ಮೈಲಿ. ಆ ಮೈಲಿಗಳಿಗೆ ಬ್ಯಾಂಕು ವಿಮಾನ ಕಂಪನಿಗೆ ದುಡ್ಡು ಕೊಡಬೇಕು. ಅಂದ್ರೆ ಕೊಸರೇ ಮಾರಾಟದ ಸರಕಾಯ್ತು! ಬರ್ತಾ ಬರ್ತಾ ದಿನಸಿ ಕೊಂಡರೂ ಮೈಲಿ ಸಿಗೋ ಕಾಲ ಬಂತು. 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್ ಅಂಗಡಿಯಲ್ಲಿ ಒಂದು ಆಫರ್ ನೋಡಿದರು. ಆ ಕಂಪನಿಯ ಪದಾರ್ಥಗಳ ಲೇಬಲ್ ಕಳಿಸಿದರೆ ಮೈಲಿ ಕೊಡ್ತಾರೆ. ಅವರು ಅದರಲ್ಲೇ ಅಗ್ಗದ ಪುಡಿಂಗ್ ಹುಡುಕಿ 12,150 ಕಪ್ ಕೊಂಡರು. ಖರ್ಚಾದದ್ದು ಮೂರು ಸಾವಿರ ಡಾಲರಿಗೆ ಸ್ವಲ್ಪ ಹೆಚ್ಚು, ಸಿಕ್ಕಿದ್ದು 12 ಲಕ್ಷಕ್ಕೂ ಹೆಚ್ಚು ಮೈಲಿ. ಅಷ್ಟೊಂದು ಪುಡಿಂಗ್ ಯಾರು ತಿಂತಾರೆ? ಒಂದು ಸೇವಾ ಸಂಸ್ಥೆಗೆ ದಾನ ಕೊಟ್ಟು, ಲೇಬಲ್ ಕೀಳೋ ಕೆಲಸವನ್ನೂ ಅವರ ಕೈಲೇ ಮಾಡಿಸಿದರು. ಲೆಕ್ಕ ಬಲ್ಲ ಗಿರಾಕಿ ಗೆದ್ದ ಅಪರೂಪದ ಪ್ರಸಂಗ.

6/9
ಗೆದ್ದ ಹಾಗೆ ಕಂಡು ಸೋತವರೂ ಇದ್ದಾರೆ. 1981ರಲ್ಲೇ ಅಮೆರಿಕನ್ ಏರ್‌ಲೈನ್ಸ್ ಇನ್ನೊಂದು ಆಫರ್ ಕೊಟ್ಟಿತ್ತು: 2.5 ಲಕ್ಷ ಡಾಲರ್ ಕೊಟ್ಟರೆ ಜೀವನಪೂರ್ತಿ ಫಸ್ಟ್ ಕ್ಲಾಸಿನಲ್ಲಿ ಎಷ್ಟು ಬೇಕಾದರೂ ಹಾರಬಹುದು. ಷಿಕಾಗೋದ ಸ್ಟೀವ್ ರಾಥ್‌ಸ್ಟೀನ್ 1987ರಲ್ಲಿ ಆ ಪಾಸ್ ಕೊಂಡರು. ಆಮೇಲೆ ಇನ್ನಷ್ಟು ದುಡ್ಡು ಕಟ್ಟಿ ಜೊತೆಗಾರರಿಗೂ ಒಂದು ಸೀಟು ಪಡೆದರು. ಹತ್ತು ಸಾವಿರಕ್ಕೂ ಹೆಚ್ಚು ಸಲ ಹಾರಿದರು. 2002ರಲ್ಲಿ ಅವರ ಮಗ ಅಪಘಾತದಲ್ಲಿ ತೀರಿಕೊಂಡ. ಆಮೇಲೆ ಎಷ್ಟೋ ರಾತ್ರಿ ಬುಕಿಂಗ್ ಕಚೇರಿಯವರಿಗೆ ಫೋನ್ ಮಾಡಿ ಮಾತಾಡ್ತಾ ಇರ್ತಿದ್ದರಂತೆ. ಮಾತು ಮುಗಿಸೋವಾಗ ಒಂದು ಟಿಕೆಟ್ ಬುಕ್ ಮಾಡ್ತಿದ್ದರಂತೆ. ಸುಳ್ಳು ಹೆಸರಲ್ಲಿ ಪಕ್ಕದ ಸೀಟು ಕಾದಿರಿಸಿದರು ಅಂತ ಆರೋಪಿಸಿ ಕಂಪನಿ 2008ರಲ್ಲಿ ವಿಮಾನ ನಿಲ್ದಾಣದಲ್ಲೇ ಅವರ ಪಾಸ್ ರದ್ದು ಮಾಡಿತು. ವಿಷಯ ಕೋರ್ಟಿಗೆ ಹೋಗಿ ಕೊನೆಗೆ ರಾಜಿಯಲ್ಲಿ ಮುಗಿಯಿತು. ನಿಯಮ ಯಾರು ಮುರಿದರು ಅನ್ನೋದು ಕಾನೂನಿನ ಮಾತು. ನನ್ನನ್ನು ಕಾಡೋದು ಆ ಫೋನ್ ಕರೆಗಳು. ಅವರಿಗೆ ಆ ಕಚೇರಿ ಮನೆ ಥರ ಆಗಿತ್ತು. ಕಚೇರಿಯ ಪುಸ್ತಕದಲ್ಲಿ ಅವರು ಒಂದು ನಷ್ಟದ ಲೆಕ್ಕ.

7/9
ಪುಸ್ತಕದ ಮಾತು ಬಂತಲ್ಲ, ಬಿಕಾಂನವರೇ ಸ್ವಲ್ಪ ಗಮನ ಕೊಡಿ. ದಿನಸಿ ಅಂಗಡಿಯಲ್ಲಿ ಉದ್ರಿ ಬರೆಸಿದರೆ ನಾವು ಸಾಲಗಾರರು. ಮೈಲಿ ವಿಷಯದಲ್ಲಿ ಅದು ತಿರುವುಮುರುವು: ಅಂಗಡಿಯವರೇ ನಮಗೆ ಸಾಲಗಾರರು. ಅದಕ್ಕೇ ಬ್ಯಾಲೆನ್ಸ್ ಶೀಟಿನಲ್ಲಿ ಬಳಕೆಯಾಗದ ಪಾಯಿಂಟ್‌ಗಳು ಲಯಬಿಲಿಟಿ ಕಡೆ ಕೂರ್ತವೆ. ಭಾರತದಲ್ಲಿ 2018ರ ಏಪ್ರಿಲಿಂದ ಜಾರಿಯಲ್ಲಿರೋ ಇಂಡ್ ಎಎಸ್ 115 ಪ್ರಕಾರವೂ ಟಿಕೆಟ್ ದುಡ್ಡಿನಲ್ಲಿ ಪಾಯಿಂಟಿನ ಪಾಲನ್ನು ಕೂಡಲೇ ಆದಾಯ ಅಂತ ತೋರಿಸೋ ಹಾಗಿಲ್ಲ. ಆದರೆ ಕೋವಿಡ್ ಬಂದಾಗ ಇನ್ನೊಂದು ಮುಖ ಕಾಣಿಸಿತು. 2020ರಲ್ಲಿ ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಅನ್ನೇ ಅಡ ಇಟ್ಟು 6.8 ಬಿಲಿಯನ್ ಡಾಲರ್ ಎತ್ತಿತು. ಆ ಯೋಜನೆಗೆ ಕಟ್ಟಿದ ಬೆಲೆ ಸುಮಾರು 22 ಬಿಲಿಯನ್. ಆಗ ಷೇರುಪೇಟೆಯಲ್ಲಿ ಇಡೀ ಕಂಪನಿಗೆ ಇದ್ದ ಬೆಲೆಗಿಂತ ಅದು ಹೆಚ್ಚು! ವಿಮಾನಗಳು ನೆಲದ ಮೇಲೆ ನಿಂತಿದ್ದರೂ ಕೊಸರಿನ ಪುಸ್ತಕಕ್ಕೆ ಸಾಲ ಸಿಕ್ಕಿತು.

8/9
ನಮ್ಮಲ್ಲಿ? 1953ರ ಕಾಯ್ದೆಯಿಂದ ವಿಮಾನಯಾನ ಸರ್ಕಾರದ ಕೈಲಿತ್ತು, 1994ರಲ್ಲಿ ಆ ಕಾಯ್ದೆ ಹೋಯಿತು. ಪೈಪೋಟಿ ಬಂತು, ಜೊತೆಗೆ ಕೊಸರೂ ಬಂತು. ಬೆಂಗಳೂರಿನ ಕಿಂಗ್‌ಫಿಶರ್ 2005ರಲ್ಲಿ ಶುರುವಾಯಿತು, ಕಿಂಗ್ ಕ್ಲಬ್ ಅನ್ನೋದು ಅದರ ಯೋಜನೆ. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. ಖಾತೆಯಲ್ಲಿ ಮೈಲಿ ಇತ್ತು, ಹತ್ತೋಕೆ ವಿಮಾನ ಇರಲಿಲ್ಲ. ಸಂಬಳವೇ ಬಾರದ ನೌಕರರು ಬೀದಿಗೆ ಬಂದಿದ್ದಾಗ ಮೈಲಿ ಬಗ್ಗೆ ಕೇಳೋರಾದ್ರೂ ಯಾರು? ಜೆಟ್ ಏರ್‌ವೇಸ್ ಕತೆ ಬೇರೆ. ಅದರ ಜೆಟ್ ಪ್ರಿವಿಲೇಜ್ ಯೋಜನೆಯನ್ನು ಮೊದಲೇ ಪ್ರತ್ಯೇಕ ಕಂಪನಿ ಮಾಡಿದ್ದರು, 2014ರಲ್ಲಿ ಎತಿಹಾದ್ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡಿತ್ತು. 2019ರ ಏಪ್ರಿಲ್ 17ಕ್ಕೆ ಜೆಟ್ ಹಾರಾಟ ನಿಂತರೂ ಆ ಯೋಜನೆ ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿಕೊಂಡು ನಡೀತು. ಅಂಗಡಿ ಮುಚ್ಚಿತು, ಕೊಸರು ಉಳಿಯಿತು. ಒಂದೇ ಥರದ ಪಾಯಿಂಟ್, ಎರಡು ಗತಿ. ವ್ಯತ್ಯಾಸ ಆಗಿದ್ದು ಪುಸ್ತಕ ಯಾರ ಹೆಸರಲ್ಲಿತ್ತು ಅನ್ನೋದರಿಂದ.

9/9
ಕೊನೇ ಬದಲಾವಣೆ ಹೇಳಿಬಿಡ್ತೀನಿ. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್ ಏರ್‌ಲೈನ್ಸ್ ದೂರದ ಲೆಕ್ಕ ಬಿಟ್ಟು ಟಿಕೆಟ್ಟಿಗೆ ಕೊಟ್ಟ ದುಡ್ಡಿನ ಲೆಕ್ಕದಲ್ಲಿ ಮೈಲಿ ಕೊಡೋಕೆ ಶುರು ಮಾಡಿದವು. ಏರ್ ಇಂಡಿಯಾ ಕೂಡ 2024ರಲ್ಲಿ ಅದೇ ದಾರಿ ಹಿಡಿಯಿತು. ಹೆಸರು ಈಗಲೂ "ಪದೇಪದೇ ಹಾರೋರು", ಮರ್ಯಾದೆ ಸಿಗೋದು ಜಾಸ್ತಿ ಖರ್ಚು ಮಾಡೋರಿಗೆ. ಹೂವಿನವರು ಕೊಡೋ ಕೊಸರು ಅವತ್ತೇ ನಮ್ಮ ಕೈಗೆ ಬರುತ್ತೆ, ವಾಪಸ್ ಕೇಳೋರಿಲ್ಲ. ಮೈಲಿಯ ಕೊಸರು ಅವರ ಪುಸ್ತಕದಲ್ಲೇ ಇರುತ್ತೆ. ನಾಳೆ ಅದರ ಬೆಲೆ ಎಷ್ಟು, ಯಾವತ್ತು ಅವಧಿ ಮುಗಿಯುತ್ತೆ ಅಂತ ಬರೆಯೋರು ಅವರೇ. ನಮ್ಮಲ್ಲಿ ಎಷ್ಟೋ ಜನ ಇನ್ನೂ ವಿಮಾನ ಹತ್ತಿಲ್ಲ, ಆದ್ರೆ ಫೋನಿನಲ್ಲಿ ಕಾಯಿನ್ಸ್, ರಿವಾರ್ಡ್ಸ್ ಅಂತ ಇದೇ ಆಟ ದಿನಾ ಆಡ್ತಿದ್ದೀವಿ. ಸಿಕ್ಕಿದ್ದನ್ನು ಬೇಗ ಬಳಸಿ. ಪಾಯಿಂಟ್ ಸಿಗುತ್ತೆ ಅಂತ ಬೇಡದ್ದನ್ನು ಕೊಳ್ಳಬೇಡಿ.

ನಿಮ್ಮ ಮನೇಲಿ ಅವಧಿ ಮುಗಿದು ಹೋದ ಪಾಯಿಂಟ್ಸ್ ಎಷ್ಟಿವೆ? ಕಾಮೆಂಟಿನಲ್ಲಿ ಹೇಳಿ. ಪರೀಕ್ಷೆಗೆ ಓದ್ತಿರೋರು 7ನೇ ಭಾಗ ಸೇವ್ ಮಾಡ್ಕೊಳ್ಳಿ 🙂

#ವ್ಯಾಪಾರದಚರಿತ್ರೆ #ಬಿಕಾಂಕನ್ನಡ #ಕೊಸರು #ವಿಮಾನಯಾನ