ಹಲ್ಲಿನ ಬಣ್ಣದ ಚರಿತ್ರೆ, ಭಾಗ 4: ಯುರೇನಿಯಂ ಬೆರೆಸಿದ ನಗು

ಸೀರೆ ಅಂಗಡಿಯಲ್ಲಿ ಅಮ್ಮಂದಿರು ಸೀರೆ ಹಿಡ್ಕೊಂಡು ಬಾಗಿಲ ಬೆಳಕಿಗೆ ಬರೋದನ್ನ ನೋಡಿದ್ದೀರಲ್ಲ? ಅಂಗಡಿ ಲೈಟಲ್ಲಿ ಮ್ಯಾಚ್ ಆಗಿದ್ದ ಬ್ಲೌಸ್ ಪೀಸ್ ಬಿಸಿಲಲ್ಲಿ ಬೇರೆಯೇ ಬಣ್ಣ. ಇದಕ್ಕೆ ಮೆಟಮೆರಿಸಂ ಅಂತ ಹೆಸರು. ಕೃತಕ ಹಲ್ಲಿನ ಚರಿತ್ರೆಯಲ್ಲೂ ಇದೇ ತಲೆನೋವು.

18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ಡುಬೋವಾ ದ ಶೆಮಾಂ ಪಿಂಗಾಣಿ ಹಲ್ಲಿನ ಸೆಟ್‌ಗಳನ್ನು ಮಾರಾಟಕ್ಕೆ ತಂದ. ಪೂರ್ತಿ ಸೆಟ್ ಒಂದೇ ಬಣ್ಣ, ಹಾಗಾಗಿ ಹೋಲಿಕೆಯ ತಂಟೆ ಕಡಿಮೆ. ಕಷ್ಟ ಶುರುವಾಗಿದ್ದು ಒಂದೇ ಹಲ್ಲಿಗೆ ಪಿಂಗಾಣಿ ಹೊದಿಸಲು ಹೊರಟಾಗ. 1880ರ ದಶಕದಲ್ಲಿ ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್ ಆ ಕೆಲಸಕ್ಕೆ ಕೈಹಾಕಿದ. (ಒಂಟಿಯಾಗಿ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್‌ಗೆ ಈತ ತಾಯಿಯ ತಂದೆ!) ಈಗ ಪಕ್ಕದಲ್ಲೇ ಅಸಲಿ ಹಲ್ಲು, ಸ್ವಲ್ಪ ತಪ್ಪಿದರೂ ಕಣ್ಣಿಗೆ ಹೊಡೆಯುತ್ತೆ.

ಅದೇ ಕಾಲಕ್ಕೆ ಮನೆಗಳಿಗೆ ವಿದ್ಯುತ್ ಬಲ್ಬ್ ಬರ್ತಾ ಇತ್ತು. ಬಲ್ಬಿನ ಬೆಳಕಲ್ಲಿ ಹಳದಿ, ಕೆಂಪು ಜಾಸ್ತಿ, ನೀಲಿ ಕಡಿಮೆ. ಹಾಗಾಗಿ ವೈದ್ಯರು ಚಿತ್ರಕಾರರ ದಾರಿ ಹಿಡಿದು ಉತ್ತರದ ಕಿಟಕಿಯನ್ನೇ ನಂಬಿದರು. ಅಲ್ಲಿ ನೇರ ಬಿಸಿಲು ಬೀಳಲ್ಲ. ಆದರೆ ಮೋಡ ಬಂದ್ರೆ, ಸಂಜೆಯಾದ್ರೆ ಅದೂ ಬದಲಾಗುತ್ತೆ. 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಬಣ್ಣ ಅಳೆಯೋಕೆ ಪ್ರಮಾಣಿತ ಬೆಳಕುಗಳನ್ನು ನಿಗದಿ ಮಾಡಿತು. ಅದೇ ವರ್ಷ ಅಮೆರಿಕದ ದಂತವೈದ್ಯ ಬ್ರೂಸ್ ಕ್ಲಾರ್ಕ್, ಹಲ್ಲಿನ ಬಣ್ಣವನ್ನು ಅಂದಾಜಿನಲ್ಲಿ ಅಲ್ಲ, ವಿಶ್ಲೇಷಿಸಿ ನೋಡಬೇಕು ಅಂತ ಬರೆದ.

ಇನ್ನೊಂದು ಸಮಸ್ಯೆ ಉಳಿದಿತ್ತು. ಅಸಲಿ ಹಲ್ಲು ಅತಿನೇರಳೆ ಬೆಳಕಲ್ಲಿ ನೀಲಿ ಬಿಳುಪಾಗಿ ಹೊಳೆಯುತ್ತೆ. ಬಿಸಿಲಿನಲ್ಲೂ ಅತಿನೇರಳೆ ಇರೋದ್ರಿಂದ ಆ ಹೊಳಪೇ ಹಲ್ಲಿಗೆ ಜೀವಕಳೆ. ಬರೀ ಪಿಂಗಾಣಿಗೆ ಅದಿಲ್ಲ. ಅತಿನೇರಳೆ ಬೆಳಕಲ್ಲಿ ಹಲ್ಲೇ ಇಲ್ಲದ ಹಾಗೆ ಕಪ್ಪಾಗಿ ಕಾಣ್ತಿತ್ತು. ಇದಕ್ಕೆ ತಯಾರಕರು ಕಂಡುಕೊಂಡ ಪರಿಹಾರ ಏನು ಗೊತ್ತಾ? ಯುರೇನಿಯಂ! 20ನೇ ಶತಮಾನದಲ್ಲಿ ದಶಕಗಳ ಕಾಲ ಪಿಂಗಾಣಿ ಪುಡಿಗೆ ಅದನ್ನು ಚೂರು ಬೆರೆಸಿದರು.

ಪ್ರಮಾಣ ತೀರಾ ಕಡಿಮೆ, ನಿಜ. ಆದರೆ ಕೇವಲ ಹೊಳಪಿಗಾಗಿ ವಿಕಿರಣ ಸೂಸುವ ವಸ್ತುವನ್ನು ವಸಡಿನ ಪಕ್ಕ ವರ್ಷಗಟ್ಟಲೆ ಇಡೋದು ಸರಿಯಾ? ಬಾಯಿ ತೆರೆದು ಕೂತ ರೋಗಿಗೆ ಅದು ಗೊತ್ತಿತ್ತಾ? ತಮಾಷೆ ಅಂದ್ರೆ, ಅಷ್ಟೆಲ್ಲಾ ಮಾಡಿಯೂ ಹೋಲಿಕೆ ಸಿಗಲಿಲ್ಲ. ಯುರೇನಿಯಂ ಹೊಳೆಯೋದು ಹಸಿರು ಮಿಶ್ರಿತ ಹಳದಿಯಾಗಿ! ಕೊನೆಗೆ ಅದನ್ನು ಕೈಬಿಟ್ಟರು. ಈಗ ಆ ಕೆಲಸ ಸೀರಿಯಂ, ಯುರೋಪಿಯಂ, ಟರ್ಬಿಯಂನಂಥ ವಿರಳ ಭಸ್ಮ ಧಾತುಗಳದ್ದು.

ಕ್ಲಾಸ್‌ಮೇಟ್ಸ್, ಪೋಸ್ಟಿಂಗಲ್ಲಿ ಇಷ್ಟು ನೆನಪಿರಲಿ: ಶೇಡ್ ನೋಡುವಾಗ ಚೇರ್ ಲೈಟ್ ಆಫ್ ಮಾಡಿ. ಹಲ್ಲು ಒಣಗಿದರೆ ಬಿಳುಪಾಗಿ ಕಾಣುತ್ತೆ, ಅದಕ್ಕೆ ಮುಂಚೆಯೇ ನೋಡಿ. ಕಿಟಕಿ ಹತ್ರ ಒಮ್ಮೆ, ಟ್ಯೂಬ್‌ಲೈಟಲ್ಲಿ ಒಮ್ಮೆ ಹೋಲಿಸಿ. ರೋಗಿ ನಗೋದು ನಮ್ಮ ಕ್ಲಿನಿಕ್ಕಿನಲ್ಲಿ ಅಲ್ಲ; ಮದುವೆ ಮನೆಯಲ್ಲಿ, ಬಸ್ ಸ್ಟಾಪಲ್ಲಿ, ಬಿಸಿಲಲ್ಲಿ.

ಭಾಗ 5ರಲ್ಲಿ: ಶೇಡ್ ಗೈಡ್ ಹುಟ್ಟಿದ ಕಥೆ. ಸೇವ್ ಮಾಡ್ಕೊಳ್ಳಿ 🦷

#ಹಲ್ಲಿನಚರಿತ್ರೆ #ಕನ್ನಡದಲ್ಲಿವಿಜ್ಞಾನ #ಬಿಡಿಎಸ್‌ಬದುಕು