ಮಸ್ಕಿ ಅಶೋಕ ಶಾಸನ ತಾಣದ ಪ್ರವೇಶ ವ್ಯವಸ್ಥೆ

ಮಸ್ಕಿಯ ಅಶೋಕ ಶಿಲಾಶಾಸನವು ರಾಯಚೂರು ಜಿಲ್ಲೆಯ ಸಂರಕ್ಷಿತ ಸ್ಮಾರಕ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಇದನ್ನು ಪತ್ತೆಹಚ್ಚಿದರು. ಇದರಲ್ಲಿ ‘ದೇವಾನಂಪಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇರುವುದರಿಂದ, ಆ ಬಿರುದಿನ ಅರಸ ಅಶೋಕನೇ ಎಂಬುದು ದೃಢಪಟ್ಟಿತು. ಲಿಂಗಸುಗೂರು–ಸಿಂಧನೂರು ರಸ್ತೆಯಲ್ಲಿರುವ ಮಸ್ಕಿ ಪಟ್ಟಣವನ್ನು ವಾಹನದಲ್ಲಿ ಸುಲಭವಾಗಿ ತಲುಪಬಹುದು. ಶಾಸನವಿರುವುದು ಪಟ್ಟಣದ ಬಳಿಯ ಬಂಡೆಗಲ್ಲಿನ ಬೆಟ್ಟದಲ್ಲಿ.

ನಿಯಮಗಳು

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಪ್ರದೇಶದ ಗಡಿಯಿಂದ ಕನಿಷ್ಠ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ನಿಯಂತ್ರಿತ ವಲಯದಲ್ಲಿ ಸಕ್ಷಮ ಪ್ರಾಧಿಕಾರದ ಅನುಮತಿ ಅಗತ್ಯ. ಆದ್ದರಿಂದ ವಾಹನ ಹಾಗೂ ಸೈಕಲ್ ನಿಲುಗಡೆಗೆ ಬೇಕಾದ ಕಟ್ಟಡಗಳನ್ನು ದೂರದಲ್ಲೇ ಯೋಜಿಸಬೇಕಾಗುತ್ತದೆ. ಆದರೆ ಉಳಿದ ದೂರವನ್ನು ನಡೆಯುವುದು ವೃದ್ಧರಿಗೂ ಅಂಗವಿಕಲರಿಗೂ ಕಷ್ಟವಾಗಬಹುದು. ಸಂರಕ್ಷಣೆ ಮತ್ತು ಸುಗಮ ಪ್ರವೇಶ ಎರಡನ್ನೂ ಹೊಂದಿಸುವುದೇ ಇಂತಹ ತಾಣಗಳ ಮುಖ್ಯ ಸವಾಲು.